ಹೊಲಿಗೆಯ ಸಂದಿಯಲ್ಲಿ ಬಿದ್ದ ಹೌದು

ಸ್ತೂರ್‌ಬೆಕ್ ಊರಿನಲ್ಲಿ ‘ಹೌದು’ ಎನ್ನುವುದಕ್ಕೆ ಗಂಟಲಿನ ಅಗತ್ಯವಿಲ್ಲ. ತುಟಿಯನ್ನು ಕೊಂಚ ಮುಂದಕ್ಕೆ ತಂದು, ಬಿಸಿ ಕಾಫಿಯ ಮೊದಲ ಗುಟುಕು ಹೀರುವ ಹಾಗೆ ಗಾಳಿಯನ್ನು ಒಳಕ್ಕೆಳೆದರೆ ‘ಶುಪ್’ ಎಂದು ಸಣ್ಣ ಸದ್ದಾಗುತ್ತದೆ. ಅದೇ ಹೌದು. ಸ್ವೀಡನ್ನಿನ ಆ ಉತ್ತರದ ತುದಿಯಲ್ಲಿ ಇನ್ನೊಂದು ಲೋಟ ಕಾಫಿ ಬೇಕೆನ್ನುವುದು, ಮದುವೆಗೆ ಒಪ್ಪುವುದು, ಸತ್ತವನು ಒಳ್ಳೆಯವನಾಗಿದ್ದ ಎಂದು ಒಪ್ಪಿಕೊಳ್ಳುವುದು ಎಲ್ಲವೂ ಈ ಒಂದು ಗುಟುಕು ಗಾಳಿಯಲ್ಲಿ ಮುಗಿದುಹೋಗುತ್ತವೆ. ಬಾಯಿತುಂಬ ‘ಯಾ’ ಎನ್ನುವುದು ಸ್ಟಾಕ್‌ಹೋಮಿನವರ ಪದ್ಧತಿ. ಸ್ತೂರ್‌ಬೆಕ್‌ನಲ್ಲಿ ಹಾಗೆ ಅನ್ನುವವರು ಎರಡೇ ಬಗೆ: ಅಧಿಕಾರಿಗಳ ಮುಂದೆ ನಿಂತವರು, ಸುಳ್ಳು ಹೇಳುತ್ತಿರುವವರು.

ಈ ಊರಿನ ಸಿಕ್ಸ್ಟನ್ ಲುಂಡ್ಮಾರ್ಕ್ ನಡೆಯುವುದಕ್ಕೇ ಸಂಬಳ ಪಡೆಯುತ್ತಿದ್ದ. ಐವತ್ತು ದಾಟಿದ, ಕಿವಿ ದೊಡ್ಡದಾದ, ಯಾರ ತಂಟೆಗೂ ಹೋಗದ ಮನುಷ್ಯ. ಅವನಿದ್ದದ್ದು ಒಂದು ಫೋನ್ ಕಂಪನಿಯಲ್ಲಿ. ಜನ ಮನೆಯೊಳಗೆ ವೈಫೈ ಮೇಲೆ ಮಾತಾಡುತ್ತಾ ಬೀದಿಗೆ ಇಳಿದರೆ ಕರೆ ಟವರಿಗೆ ವರ್ಗವಾಗಬೇಕು. ಆ ವರ್ಗಾವಣೆಯಲ್ಲಿ ಮಾತು ಒಂದು ಸಲ ಗುಳುಕ್ ಎಂದು ಮುಗ್ಗರಿಸುತ್ತಿತ್ತು, ಒಮ್ಮೊಮ್ಮೆ ಲೈನೇ ಕಟ್ಟಾಗುತ್ತಿತ್ತು. ಸಿಕ್ಸ್ಟನ್ ಫೋನನ್ನು ಕಿವಿಗೊತ್ತಿಕೊಂಡು ಬಾಗಿಲಿನಿಂದ ಹೊರಗೆ, ಹೊರಗಿನಿಂದ ಒಳಗೆ ನಡೆದು, ಎಲ್ಲೆಲ್ಲಿ ಗುಳುಕ್ ಆಯಿತೆಂದು ಮೇಲಿನವರಿಗೆ ತಿಳಿಸಬೇಕು. ಹೊಸದಾಗಿ ನೋಡಿದವರು ಪಾಪ, ಈ ಮನುಷ್ಯ ಏನನ್ನೋ ಮನೆಯಲ್ಲಿ ಮರೆತು ಬರುತ್ತಾನೆ ಎಂದುಕೊಳ್ಳುತ್ತಿದ್ದರು.

ಒಂದು ದಿನ ಸ್ಟಾಕ್‌ಹೋಮಿನಿಂದ ಮೇಲಧಿಕಾರಿ ಫಾಬಿಯಾನ್ ಬಂದ. ಸಿಕ್ಸ್ಟನ್‌ಗಿಂತ ತುಂಬ ಚಿಕ್ಕವನು, ಕಾಲುಚೀಲ ಹಾಕದೆ ಬೂಟು ಹಾಕುವ ಜಾತಿ. ಆ ದೇಶದಲ್ಲಿ ಮೇಲಧಿಕಾರಿಯನ್ನೂ ‘ನೀನು’ ಎನ್ನಬಹುದು. ಅದರಿಂದ ಮೇಲಧಿಕಾರಿ ಏನೂ ಕೆಳಗಿಳಿಯುವುದಿಲ್ಲ.

“ಗುಳುಕ್ಕನ್ನ ನಿಲ್ಲಿಸೋಕೆ ಆಗಲ್ಲ,” ಎಂದು ಫಾಬಿಯಾನ್ ಸಭೆಯಲ್ಲಿ ಸಾರಿದ. “ಆದರೆ ಅಡಗಿಸಬಹುದು. ಜನ ಮಾತಾಡ್ತಾ ಮಧ್ಯೆ ಮಧ್ಯೆ ಸುಮ್ಮನಾಗ್ತಾರಲ್ಲ, ಆ ಮೌನ ಇರುತ್ತಲ್ಲ, ಅದೇ ನಮ್ಮ ಹೊಲಿಗೆ ಹಾಕೋ ಜಾಗ. ಸುಮ್ಮನಾದ ಕ್ಷಣ ಹಿಡಿದು ಕರೆಯನ್ನ ಆಚೆ ದಾಟಿಸಿಬಿಟ್ಟರೆ ಯಾರಿಗೂ ಗೊತ್ತಾಗಲ್ಲ. ಸಂದು ಸಿಕ್ಕಾಗೆಲ್ಲ ದಾಟಿಸ್ತಾನೇ ಇರೋದು, ಯಾವುದು ಚೆನ್ನಾಗಿದೆಯೋ ಅದಕ್ಕೆ. ಯಾವುದು ಮಾತು, ಯಾವುದು ಮೌನ ಅಂತ ಯಂತ್ರಕ್ಕೆ ಕಲಿಸಿಕೊಟ್ಟರೆ ಮುಗೀತು. ಮೊದಲು ಇದೇ ಊರಲ್ಲಿ ಶುರು ಮಾಡೋಣ. ಸಿಕ್ಸ್ಟನ್, ನಿಮ್ಮೂರಿನವರ ಮಾತನ್ನ ಧ್ವನಿಮುದ್ರಣ ಮಾಡಿ ಕಳಿಸೋದು ನಿನ್ನ ಜವಾಬ್ದಾರಿ.”

ಆಮೇಲೆ ನಗುತ್ತಾ ಒಂದು ಮಾತು ಸೇರಿಸಿದ. “ಅಂದಹಾಗೆ, ಇಲ್ಲಿಯವರು ಹೌದು ಅನ್ನೋ ಬದಲು ಗಾಳಿ ನುಂಗ್ತಾರಂತೆ, ನಿಜವಾ?”

ಸ್ಟಾಕ್‌ಹೋಮಿನಿಂದ ಬಂದವರೆಲ್ಲ ಗೊಳ್ಳೆಂದು ನಕ್ಕರು. ಸಿಕ್ಸ್ಟನ್‌ನ ದೊಡ್ಡ ಕಿವಿಗಳು ಕೆಂಪಾದವು. ತನ್ನ ಊರು, ತನ್ನ ತಾಯಿ, ತನ್ನ ತಾಯಿಯ ತಾಯಿ ಎಲ್ಲರೂ ಸಾಲಾಗಿ ಗಾಳಿ ನುಂಗುತ್ತಾ ಆ ಮೇಜಿನ ಮೇಲೆ ಕುಳಿತಿರುವಂತೆ ಅವನಿಗೆ ಭಾಸವಾಯಿತು.

“ಅದೆಲ್ಲ ಅಜ್ಜಿ ಕಾಲದ್ದು,” ಎಂದ, ರೇಡಿಯೋದಲ್ಲಿ ವಾರ್ತೆ ಓದುವವರ ಧ್ವನಿಯಲ್ಲಿ. “ಈಗ ನಾವೂ ಎಲ್ಲರ ಥರಾನೇ. ಯಾ.”

ಅವರ ಭಾಷೆಯಲ್ಲಿ ತುಂಡಿಗೆ ತುಂಡು ಸೇರಿಸಿ ಹೊಲಿಯುವುದಕ್ಕೂ, ಇದ್ದದ್ದಕ್ಕೆ ಒಂದಿಷ್ಟು ಸೇರಿಸಿ ಹೇಳುವುದಕ್ಕೂ ಒಂದೇ ಮಾತಿದೆ: ‘ಸ್ಕಾರ್ವ’. ಸಿಕ್ಸ್ಟನ್ ಎರಡನ್ನೂ ಒಟ್ಟಿಗೇ ಮಾಡಿದ. ಧ್ವನಿಮುದ್ರಣದ ದಿನ ಊರಿನವರನ್ನು ಸಾಲಾಗಿ ಕೂರಿಸಿ, “ಬಾಯಿ ಬಿಟ್ಟು ಯಾ ಅನ್ನಿ, ಸ್ಟಾಕ್‌ಹೋಮಿಗೆ ಹೋಗೋ ಧ್ವನಿ ಇದು, ಮರ್ಯಾದೆ ಪ್ರಶ್ನೆ,” ಎಂದು ಬೇಡಿಕೊಂಡ. ಜನ ಚರ್ಚಿನಲ್ಲಿ ಎದ್ದು ನಿಂತವರಂತೆ ಒಬ್ಬೊಬ್ಬರೇ ‘ಯಾ’ ಎಂದು ಹೇಳಿ, ಕಾಫಿ ಕುಡಿದು ಮನೆಗೆ ಹೋದರು. ಕಾಫಿ ಇನ್ನೊಂದು ಲೋಟ ಬೇಕಾ ಎಂದು ಕೇಳಿದಾಗ ಎಲ್ಲರೂ ಅಂದದ್ದು ‘ಶುಪ್’. ಆ ಹೊತ್ತಿಗೆ ಸಿಕ್ಸ್ಟನ್ ಮೈಕು ಆರಿಸಿದ್ದ.

ಇದನ್ನು ಅವನು ಗುನ್ನೆಲ್‌ಗೆ ಹೆಮ್ಮೆಯಿಂದಲೇ ಹೇಳಿದ. ಗುನ್ನೆಲ್ ಹೆಡ್ಮನ್ ಊರಿನ ದೊಡ್ಡ ಅಂಗಡಿಯಲ್ಲಿ ಮೀನಿನ ಕೌಂಟರ್ ನೋಡಿಕೊಳ್ಳುತ್ತಿದ್ದ ಹೆಂಗಸು. ಇಬ್ಬರೂ ಬಹಳ ವರ್ಷಗಳಿಂದ ಜೊತೆಗಿದ್ದರು. ಆದರೆ ಅವಳು ಹೊಳೆಯ ಆ ದಡದ ಮನೆಯಲ್ಲಿ, ಇವನು ಈ ದಡದ ಮನೆಯಲ್ಲಿ. ಶುಕ್ರವಾರ ರಾತ್ರಿ ಊಟಕ್ಕೆ ಬಂದರೆ ಭಾನುವಾರ ಹೋಗುವಳು. ಅವಳ ಹಲ್ಲುಜ್ಜುವ ಬ್ರಷ್ ಇವನ ಮನೆಯಲ್ಲಿತ್ತು, ಚಳಿಗಾಲದ ಕೋಟು ಇರಲಿಲ್ಲ. ಬಂದು ಇಲ್ಲೇ ಇರು ಎಂದು ಇವನು ಕರೆಯಲಿ ಎಂದು ಅವಳು, ಬರುತ್ತೇನೆ ಎಂದು ಅವಳೇ ಹೇಳಲಿ ಎಂದು ಇವನು, ಇಬ್ಬರೂ ಬಹಳ ಮರ್ಯಾದೆಯಿಂದ ಕಾಯುತ್ತಾ ಬಂದಿದ್ದರು.

“ಅಂದರೆ ನಿನಗೆ ನಮ್ಮ ಬಗ್ಗೆ ನಾಚಿಕೆ ಆಯ್ತು,” ಎಂದಳು ಗುನ್ನೆಲ್.

“ನಾಚಿಕೆ ಏನಲ್ಲ. ಪರಿಸ್ಥಿತಿಯನ್ನು ವಿವರಿಸಿದೆ.”

“ನೋಡು, ಈಗಲೂ ಆ ರೇಡಿಯೋ ಧ್ವನಿ. ಅದನ್ನ ನಿನ್ನ ಫಾಬಿಯಾನ್‌ಗೆ ಇಟ್ಕೋ. ಆ ಧ್ವನೀಲಿ ನೀನು ಏನು ಹೇಳಿದ್ರೂ ನನಗೆ ನಂಬಿಕೆ ಬರಲ್ಲ.”

“ಶುಪ್,” ಎಂದ ಸಿಕ್ಸ್ಟನ್. ಅವಳು ನಕ್ಕಳು. ಆ ಶುಕ್ರವಾರ ಚೆನ್ನಾಗಿಯೇ ಕಳೆಯಿತು.

ಹೊಸ ವ್ಯವಸ್ಥೆ ಜಾರಿಗೆ ಬಂತು. ಊರಿನಲ್ಲಿ ಗುಳುಕ್ ಎಂಬುದು ಮಾಯವಾಯಿತು. ಹಾಗೆಯೇ ಹೌದು ಎಂಬುದೂ ಮಾಯವಾಯಿತು. ಆದರೆ ಅದನ್ನು ಯಾರೂ ಗಮನಿಸಲಿಲ್ಲ. ಯಂತ್ರಕ್ಕೆ ಬಾಯಿಬಿಟ್ಟ ‘ಯಾ’ ಮಾತ್ರ ಗೊತ್ತು. ಯಾರಾದರೂ ಉಸಿರೆಳೆದರೆ, ಇವರು ಸುಮ್ಮನಾದರು ಎಂದು ತಿಳಿದು ಅದೇ ಕ್ಷಣ ಕರೆಯನ್ನು ಆಚೆ ದಾಟಿಸುತ್ತಿತ್ತು; ದಾಟುವಾಗಿನ ಆ ಸದ್ದು ಆಚೆಯವರಿಗೆ ತಲುಪುತ್ತಿರಲಿಲ್ಲ. ಊರಿನ ಹೌದುಗಳೆಲ್ಲ ಒಂದೊಂದಾಗಿ ಹೊಲಿಗೆಯ ಸಂದಿಗೆ ಬೀಳತೊಡಗಿದವು. ‘ಇಲ್ಲ’ ಎಂಬುದು ಉಸಿರು ಹೊರಬಿಟ್ಟು ಹೇಳುವ ಮಾತಾದ್ದರಿಂದ ಸ್ತೂರ್‌ಬೆಕ್‌ನಲ್ಲಿ ಇಲ್ಲಗಳು ಮಾತ್ರ ಉಳಿದವು.

ಮೊದಲು ಸಿಕ್ಕಿಬಿದ್ದವನು ಸಿಕ್ಸ್ಟನ್‌ನ ಎದುರು ಮನೆಯ ರಗ್ನಾರ್. ಮಂಡಿನೋವಿನ ಮುದುಕ. ಆರೋಗ್ಯ ಕೇಂದ್ರದಿಂದ ನರ್ಸು ಫೋನ್ ಮಾಡಿ, “ಇನ್ನೂ ನೋವಿದೆಯಾ?” ಎಂದು ಕೇಳಿದಳಂತೆ.

“ಶುಪ್ ಅಂದೆ,” ಎಂದ ರಗ್ನಾರ್, ಮೆಟ್ಟಿಲಿನ ಕಟಕಟೆ ಹಿಡಿದುಕೊಂಡು. “ಆಪರೇಷನ್ ಬೇಕಾ ಅಂದಳು. ಶುಪ್ ಅಂದೆ. ಆಮೇಲೆ ಅವಳೇ, ‘ಒಳ್ಳೇದಾಯ್ತು ಬಿಡಿ, ಗುಣವಾದವರು ಹೀಗೇ ಮಾತಾಡೋಕೆ ಬೇಜಾರು ಪಟ್ಕೋತಾರೆ’ ಅಂತ ಹೇಳಿ ನನ್ನ ಹೆಸರು ಹೊಡೆದುಹಾಕಿದಳು. ನಿನ್ನ ಫೋನು ಕೆಟ್ಟಿದೆಯೇನೋ ಮಾರಾಯ.”

“ಕರೆ ಕಟ್ಟಾಯ್ತಾ?”

“ಇಲ್ಲ.”

“ಗುಳುಕ್ ಅಂತಾ?”

“ಇಲ್ಲ.”

“ಹಾಗಿದ್ರೆ ಫೋನು ಚೆನ್ನಾಗೇ ಇದೆ. ನೀನು ಗಟ್ಟಿಯಾಗಿ ಹೇಳಬೇಕಿತ್ತು.”

“ಇದಕ್ಕಿಂತ ಗಟ್ಟಿ ಎಳೆದರೆ ನನ್ನ ಹಲ್ಲುಸೆಟ್ಟು ಒಳಗೆ ಹೋಗುತ್ತೆ,” ಎಂದ ರಗ್ನಾರ್.

ನಗರಸಭೆಯವರು ಹಿಮ ತೆಗೆಯುವ ಕೆಲಸ ನಿಮಗೆ ತೃಪ್ತಿ ತಂದಿದೆಯೇ ಎಂದು ಮನೆ ಮನೆಗೆ ಫೋನ್ ಮಾಡಿ ಕೇಳಿದರು. ಊರಿಗೆ ಊರೇ ತೃಪ್ತವಾಗಿತ್ತು, ಆದರೆ ಅಲ್ಲಿ ತಲುಪಿದ್ದು ಒಂದಿಬ್ಬರು ತಕರಾರಿನವರ ‘ಇಲ್ಲ’ ಮತ್ತು ಉಳಿದವರ ಘನವಾದ ಮೌನ. ಹಿಮ ತೆಗೆಯುವವರ ಮುಖ್ಯಸ್ಥ ಎರಡು ದಿನ ಊಟ ಬಿಟ್ಟನಂತೆ. ಕಾಡೆಮ್ಮೆಯಂಥ ದೊಡ್ಡ ಜಿಂಕೆಯನ್ನು ಬೇಟೆಯಾಡುವ ತಂಡದ ಮುಖಂಡ, “ನಿನ್ನ ಜಾಗದಲ್ಲಿ ಇದ್ದೀಯಾ?” ಎಂದು ಪ್ರತಿಯೊಬ್ಬನನ್ನೂ ಫೋನಿನಲ್ಲಿ ಕೇಳಿ, ಯಾರಿಂದಲೂ ಉತ್ತರ ಬಾರದೆ, ಎಲ್ಲರೂ ಕೈಕೊಟ್ಟರೆಂದು ಬೈದುಕೊಂಡು ಮನೆಗೆ ಹೋದ. ಅವರೆಲ್ಲ ಸಂಜೆವರೆಗೆ ಚಳಿಯಲ್ಲಿ ಬಂದೂಕು ಹಿಡಿದು ಕೂತಿದ್ದರು. ಜಿಂಕೆ ಅಂಗಡಿಯ ಕಾರ್ ನಿಲ್ದಾಣ ದಾಟಿ ಆರಾಮವಾಗಿ ಹೋಯಿತು. ಪಾದ್ರಿಗಳಿಗೆ ಮಾತ್ರ ಏನೂ ವ್ಯತ್ಯಾಸ ಕಾಣಲಿಲ್ಲ. ಭಾನುವಾರ ಬರುತ್ತೀರಾ ಎಂದರೆ ಜನ ಸುಮ್ಮನಿರುವುದು ಅವರಿಗೆ ಹಳೆಯ ಅಭ್ಯಾಸ.

ವಿಪರೀತವೆಂದರೆ ಯಾರೂ ಫೋನನ್ನು ಅನುಮಾನಿಸಲಿಲ್ಲ. ಹಿಂದೆ ಲೈನ್ ಕಟ್ಟಾದರೆ ಫೋನಿಗೊಂದು ಬೈದು ಮತ್ತೆ ಕರೆ ಮಾಡುತ್ತಿದ್ದರು. ಈಗ ಕಟ್ಟಾಗುವುದೇ ಇಲ್ಲವಲ್ಲ, ಬೈಯುವುದು ಯಾರನ್ನು? ಆಚೆ ಕಡೆಯ ಮನುಷ್ಯನನ್ನು. ಅಕ್ಕತಂಗಿಯರು ಮಾತು ಬಿಟ್ಟರು. ಸಿಕ್ಸ್ಟನ್ ಇದ್ದ ಮಹಡಿ ಮನೆಗಳ ಸಂಘದ ಅಧ್ಯಕ್ಷೆ ಶ್ರೀಮತಿ ವಿಕ್ಲುಂಡ್, ಬಟ್ಟೆ ಒಗೆಯುವ ಕೋಣೆಯ ಬಾಗಿಲಿಗೆ ‘ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಸಭ್ಯತೆಯ ಲಕ್ಷಣ’ ಎಂದು ಬರೆದು ಅಂಟಿಸಿದರು. ಊರು ಹಳಸಿಹೋಗುತ್ತಿತ್ತು. ಫಾಬಿಯಾನ್ ಮಾತ್ರ ಸ್ಟಾಕ್‌ಹೋಮಿನಿಂದ ಅಭಿನಂದನೆ ಕಳಿಸುತ್ತಲೇ ಇದ್ದ. ಅಡಚಣೆ: ಸೊನ್ನೆ.

ಇಂಥ ದಿನಗಳಲ್ಲಿ ಒಂದು ಮಂಗಳವಾರ ಸಂಜೆ ಗುನ್ನೆಲ್ ಫೋನ್ ಮಾಡಿದಳು. ಸಿಕ್ಸ್ಟನ್ ಆಗಷ್ಟೇ ಒಂದು ಚೀಲ ತುಂಬ ಖಾಲಿ ಗಾಜಿನ ಶೀಸೆಗಳನ್ನು ಹಿಡಿದು ಅಂಗಳದ ಕಸದ ಮನೆಗೆ ಹೊರಟಿದ್ದ. ಅವಳ ಕೌಂಟರಿನಿಂದಲೇ ಬಂದ ಉಪ್ಪಿನ ಮೀನಿನ ಶೀಸೆಗಳು ಅವು. ವಾರಕ್ಕೊಂದು ಖಾಲಿ ಮಾಡುವುದು ಅವನ ಮಟ್ಟಿಗೆ ಪ್ರೀತಿಯ ದೊಡ್ಡ ಮಾತು.

“ಸಿಕ್ಸ್ಟನ್, ಒಂದು ವಿಷಯ ಕೇಳ್ತೀನಿ, ಮಧ್ಯೆ ಬಾಯಿ ಹಾಕಬೇಡ,” ಎಂದಳು. ಅವನು ಜೀವಮಾನದಲ್ಲಿ ಯಾರ ಮಾತಿನ ಮಧ್ಯೆಯೂ ಬಾಯಿ ಹಾಕಿದವನಲ್ಲ. “ಗೋಥೆನ್‌ಬರ್ಗಿನಿಂದ ಅಕ್ಕ ಕರೀತಿದಾಳೆ. ಅಲ್ಲಿ ಮೀನಿನ ಅಂಗಡಿ ಅವಳ ಒಬ್ಬಳ ಕೈಲಿ ಆಗ್ತಿಲ್ಲವಂತೆ. ಇವತ್ತು ರಾತ್ರಿಯೊಳಗೆ ಹೇಳಬೇಕು. ನನಗೆ ಹೋಗೋ ಆಸೆ ಇಲ್ಲ. ಆದರೆ ಇಲ್ಲಿ ಹೊಳೆಯ ಈ ಕಡೆ ಒಬ್ಬಳೇ ಕೂತು ಶುಕ್ರವಾರ ಕಾಯೋದೂ ಇನ್ನು ಸಾಕು. ನೀನು ಹೇಳು. ನಾನು ನಿನ್ನ ಮನೆಗೇ ಬಂದುಬಿಡ್ಲಾ? ನಾನು ಬರಬೇಕು ಅಂತ ನಿನಗಿದೆಯಾ?”

ಸಿಕ್ಸ್ಟನ್ ಬಾಗಿಲ ಹೊಸ್ತಿಲ ಮೇಲಿದ್ದ. ಅವನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಕಾದ ಮಾತು ಅದು. ಎದೆಯ ಆಳದಿಂದ, ಕಾಲಿನ ಬೆರಳಿನವರೆಗೆ ಗಾಳಿ ಇಳಿಯುವ ಹಾಗೆ, “ಶುಪ್” ಎಂದ. ಶೀಸೆಗಳ ಚೀಲ ಕಿಣಿ ಕಿಣಿ ಅಂದಿತು.

“ಸಿಕ್ಸ್ಟನ್?” ಎಂದಳು ಗುನ್ನೆಲ್.

ಅವಳ ಧ್ವನಿ ನಡುಗುತ್ತಿತ್ತು. ಪಾಪ, ಸಂತೋಷಕ್ಕೆ ಎಂದು ತಿಳಿದು ಅವನು ಮತ್ತೊಮ್ಮೆ, ಮೊದಲಿಗಿಂತ ಮೃದುವಾಗಿ, “ಶುಪ್” ಎಂದ.

ಆಮೇಲೆ ಅವಳೆಂದಳು:

“ಸರಿ ಹಾಗಾದ್ರೆ.”

ಆ ಊರಿನಲ್ಲಿ ಮದುವೆ ಮಾತುಕತೆ ಮುಗಿಯುವುದೂ ಹೀಗೆಯೇ, ಹೆಣ ಮಣ್ಣು ಮಾಡಿ ಹಿಂದಿರುಗುವುದೂ ಹೀಗೆಯೇ. ಸಿಕ್ಸ್ಟನ್ ಮೊದಲನೆಯದೆಂದು ತಿಳಿದ. ಶೀಸೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಾ ಸಿಳ್ಳೆ ಹೊಡೆದ.

ಮರುದಿನದಿಂದ ಅವನ ಸಡಗರ ನೋಡಬೇಕಿತ್ತು. ಬಟ್ಟೆ ಕಪಾಟಿನಲ್ಲಿ ಅರ್ಧ ಖಾಲಿ ಮಾಡಿದ. ತನಗೆ ಯಾವ ಅರ್ಧ ಎಂದು ನಿರ್ಧರಿಸಲು ಒಂದು ಸಂಜೆ ಹಿಡಿಯಿತು. ಕೊನೆಗೆ ಬಾಗಿಲು ಕಿರುಗುಟ್ಟುವ ಅರ್ಧ ತಾನಿಟ್ಟುಕೊಂಡ. ರಗ್ನಾರ್ ಕುಂಟುತ್ತಾ ಬಂದು ಮಂಚದ ಇನ್ನೊಂದು ತುದಿ ಹಿಡಿದ. ಕೆಳಗಿನ ಬಾಗಿಲ ಫಲಕದಲ್ಲಿ ಇನ್ನೊಂದು ಹೆಸರು ಸೇರಿಸಬೇಕೆಂದು ಶ್ರೀಮತಿ ವಿಕ್ಲುಂಡ್ ಬಳಿ ಹೋದ.

“ಯಾರದು?” ಎಂದರು ಆಕೆ.

“ಹೆಡ್ಮನ್. ಗುನ್ನೆಲ್ ಹೆಡ್ಮನ್.”

ಶ್ರೀಮತಿ ವಿಕ್ಲುಂಡ್ ಅವನನ್ನು ಕನ್ನಡಕದ ಮೇಲಿನಿಂದ ನೋಡಿದರು. ಗುನ್ನೆಲ್ ಗೋಥೆನ್‌ಬರ್ಗಿಗೆ ಹೊರಟಿರುವುದು ಅವರಿಗೆ ಮೀನಿನ ಕೌಂಟರಿನಲ್ಲಿ ತಿಳಿದಿತ್ತು. ಬಹುಶಃ ಇದೂ ಈಗಿನವರ ಒಂದು ಪದ್ಧತಿ, ಅವಳು ಅಲ್ಲಿ, ಹೆಸರು ಇಲ್ಲಿ, ಎಂದುಕೊಂಡರು. ಇನ್ನೊಬ್ಬರ ಮನೆಯ ವಿಷಯ ಕೇಳುವುದು ಸಭ್ಯತೆಯಲ್ಲ. ಬಿಳಿ ಅಕ್ಷರಗಳನ್ನು ಹುಡುಕಿ ಒಂದೊಂದಾಗಿ ಫಲಕಕ್ಕೆ ಒತ್ತಿದರು. ಅವರ ಲಿಪಿಯ ‘d’ ಇರಲಿಲ್ಲವಾದ್ದರಿಂದ ‘p’ಯನ್ನು ತಲೆಕೆಳಗು ಮಾಡಿ ಹಾಕಿದರು.

ಸಿಕ್ಸ್ಟನ್ ಅಂಗಡಿಗೂ ಹೋದ. ಮೀನಿನ ಕೌಂಟರಿನಲ್ಲಿ ಬೇರೊಬ್ಬಳು ನಿಂತಿದ್ದಳು.

“ಗುನ್ನೆಲ್ ಕೆಲಸ ಬಿಟ್ಟಳಲ್ಲ,” ಎಂದಳು ಅವಳು. “ಸಾಮಾನು ಕಟ್ತಿದಾಳೆ.”

“ಗೊತ್ತು, ಗೊತ್ತು,” ಎಂದ ಸಿಕ್ಸ್ಟನ್, ಬಾಯಿ ಕಿವಿಯವರೆಗೆ ಹೋಗಿತ್ತು. “ನಮ್ಮನೆಗೇ ಬರ್ತಿರೋದು.” ಹೊಳೆ ದಾಟುವುದಕ್ಕೆ ಕೆಲಸ ಯಾಕೆ ಬಿಡಬೇಕು ಎಂಬ ಪ್ರಶ್ನೆ ಅವನ ತಲೆಯಲ್ಲಿ ಒಮ್ಮೆ ಇಣುಕಿತು, ದಣಿದಿದ್ದಾಳೆ, ಸ್ವಲ್ಪ ದಿನ ವಿಶ್ರಾಂತಿ ಬೇಕಿರಬಹುದು ಎಂದು ಅದನ್ನು ಸಮಾಧಾನ ಮಾಡಿ ಕಳಿಸಿದ. ಕೌಂಟರಿನವಳು “ಓ” ಎಂದು ಸಾಲ್ಮನ್ ತೂಗಿದಳು. ಹೀಗೆ ಊರಿಗೆಲ್ಲ ಗೊತ್ತಿದ್ದ ವಿಷಯವನ್ನು ಊರೆಲ್ಲ ಸೇರಿ ಸಭ್ಯತೆಯಿಂದ ಅವನಿಗೆ ಹೇಳದೆ ಬಿಟ್ಟಿತು.

ಅವನಾದರೂ ಅವಳಿಗೆ ಒಂದು ಫೋನ್ ಮಾಡಬಹುದಿತ್ತು. ಆದರೆ ಒಪ್ಪಿದ ಮಾತನ್ನು ಮತ್ತೆ ಕೇಳುವುದೆಂದರೆ ಅನುಮಾನ ಪಟ್ಟ ಹಾಗೆ. ಶುಕ್ರವಾರ ಅವಳು ಬರಲಿಲ್ಲ. ಸಾಮಾನು ಕಟ್ಟುತ್ತಿದ್ದಾಳೆ, ತೊಂದರೆ ಕೊಡಬಾರದು ಎಂದು ಒಬ್ಬನೇ ಉಂಡ.

ಶನಿವಾರ ಮಧ್ಯಾಹ್ನ ಊರಿನ ಸಭಾಭವನದಲ್ಲಿ ಸಮಾರಂಭ. ಹೊಲಿಗೆ ಕಾಣದ ಮೊದಲ ಊರು ಎಂದು ಸ್ತೂರ್‌ಬೆಕ್‌ಗೆ ಕಂಪನಿಯ ಗೌರವ. ಹಸಿರು ಹೊದಿಕೆಯ ದೊಡ್ಡ ಕೇಕು, ಕಾಫಿ. ಪರಸ್ಪರ ಮಾತು ಬಿಟ್ಟ ಜನರೆಲ್ಲ ಕೇಕಿನ ಸಲುವಾಗಿ ಬಂದು ದೂರ ದೂರ ಕೂತಿದ್ದರು. ಸಿಕ್ಸ್ಟನ್ ತನ್ನ ಪಕ್ಕದ ಕುರ್ಚಿಯ ಮೇಲೆ ಟೋಪಿ ಇಟ್ಟು ಗುನ್ನೆಲ್‌ಗೆ ಜಾಗ ಹಿಡಿದಿದ್ದ.

ಫಾಬಿಯಾನ್ ಭಾಷಣ ಮಾಡಿ, ಕೊನೆಗೆ ಹೇಳಿದ: “ನಮ್ಮ ನೌಕರರ ಫೋನುಗಳಲ್ಲಿ ಪರೀಕ್ಷೆಗೋಸ್ಕರ ಕರೆಗಳು ಮುದ್ರಣ ಆಗ್ತವೆ. ಅದರಲ್ಲಿ ಅತ್ಯುತ್ತಮ ಹೊಲಿಗೆ ಇರೋದನ್ನ ಯಂತ್ರಾನೇ ಆರಿಸಿದೆ. ಯಾರದು ಅಂತ ನನಗೂ ಗೊತ್ತಿಲ್ಲ, ಹೆಸರಿನ ಜಾಗದಲ್ಲಿ ಪೀಂ ಅನ್ನುತ್ತೆ. ಆಚೆ ಕಡೆಯವರಿಗೆ ಹೇಗೆ ಕೇಳಿಸ್ತೋ ಹಾಗೇ ಕೇಳಿಸ್ತೀನಿ. ಕರೆ ಎಲ್ಲಿ ದಾಟಿತು ಅಂತ ಕಂಡುಹಿಡೀರಿ ನೋಡೋಣ.”

ಭವನದ ತುಂಬ ಹೆಂಗಸಿನ ಧ್ವನಿ ಕೇಳಿಸಿತು. “ಪೀಂ, ಒಂದು ವಿಷಯ ಕೇಳ್ತೀನಿ, ಮಧ್ಯೆ ಬಾಯಿ ಹಾಕಬೇಡ…”

ಗೋಥೆನ್‌ಬರ್ಗು ಬಂತು. ಅಕ್ಕ ಬಂದಳು. ಹೊಳೆಯ ಈ ಕಡೆ ಒಬ್ಬಳೇ ಕೂರುವುದು ಬಂತು. ನಾನು ಬರಬೇಕು ಅಂತ ನಿನಗಿದೆಯಾ ಎಂಬುದೂ ಬಂತು. ಆಮೇಲೆ ನುಣ್ಣನೆಯ, ಅತ್ಯುತ್ತಮ ಗುಣಮಟ್ಟದ ಮೌನ. ಅದರ ಹಿಂದೆಯೇ ಶೀಸೆಗಳ ಕಿಣಿ ಕಿಣಿ.

“ಪೀಂ?”

ಮತ್ತೆ ಮೌನ. ಶೀಸೆ.

“ಸರಿ ಹಾಗಾದ್ರೆ.”

“ಕೇಳಿದ್ರಾ?” ಎಂದ ಫಾಬಿಯಾನ್, ಕೈಯುಜ್ಜುತ್ತಾ. “ಎರಡು ಸಲ ದಾಟಿದೆ. ಆ ಪುಣ್ಯಾತ್ಮನಿಗೆ ಹೇಳೋಕೆ ಏನೂ ಇರಲಿಲ್ಲ, ನಾವು ಆ ಸಂದಿನಲ್ಲಿ ಕೆಲಸ ಮುಗಿಸಿದ್ವಿ. ಒಂದು ಕೂದಲಿನಷ್ಟೂ ಗೊತ್ತಾಗಲ್ಲ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಶ್ರೀಮತಿ ವಿಕ್ಲುಂಡ್ ಅವರ ಕಾಫಿ ಬಟ್ಟಲು ಬಾಯಿಗೂ ಬಸಿಗೂ ನಡುವೆ ನಿಂತಿತ್ತು. ರಗ್ನಾರ್ ಸಿಕ್ಸ್ಟನ್ ಕಡೆ ಬಗ್ಗಿದ.

“ಅದು ನಿನ್ನ ಉಪ್ಪಿನ ಮೀನಿನ ಶೀಸೆ ಸದ್ದಲ್ವಾ?”

“ಶುಪ್,” ಎಂದ ಸಿಕ್ಸ್ಟನ್.

“ನೀನು ಅವಳಿಗೆ ಏನೂ ಹೇಳಲಿಲ್ವಾ?”

“ಹೇಳಿದೆ. ಎರಡು ಸಲ.”

ರಗ್ನಾರ್ ತನ್ನ ಮಂಡಿಯನ್ನು ನೋಡಿಕೊಂಡ. ಬೇಟೆಯ ಮುಖಂಡ ತನ್ನ ತಂಡದ ಕಡೆ ತಿರುಗಿದ. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿದರು. ಅಷ್ಟು ದಿನ ತಾವು ಹೇಳಿದ ಹೌದುಗಳೆಲ್ಲ ಎಲ್ಲಿ ಹೋದವೆಂದು ಇಡೀ ಊರಿಗೆ ಒಟ್ಟಿಗೇ ಅರ್ಥವಾಯಿತು.

“ಗುನ್ನೆಲ್ ಈಗ ತಾನೇ ರೈಲಿಗೆ ಹೋದಳು,” ಎಂದರು ಶ್ರೀಮತಿ ವಿಕ್ಲುಂಡ್ ಮೆಲ್ಲಗೆ. “ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ.”

ಸಿಕ್ಸ್ಟನ್ ಅಲ್ಲೇ, ಕೇಕಿನ ಮೇಜಿನ ಪಕ್ಕದಲ್ಲೇ ಫೋನ್ ಹಚ್ಚಿದ. ಆಚೆ ಕಡೆ ಗಾಡಿಯ ಸದ್ದು, ಆಮೇಲೆ ಗುನ್ನೆಲ್.

“ಏನು?”

“ಗುನ್ನೆಲ್, ಯಾ,” ಎಂದ. ಯಂತ್ರಕ್ಕೆ ಅರ್ಥವಾಗುವುದು ಅದೊಂದೇ ಎಂದು ಈಗ ಅವನಿಗೆ ಗೊತ್ತಿತ್ತಲ್ಲ. ಅದಕ್ಕೇ ಬಾಯಿ ಅಗಲಿಸಿ, ವಾರ್ತೆ ಓದುವವರ ಹಾಗೆ, ಇಡೀ ಭವನಕ್ಕೆ ಕೇಳಿಸುವಂತೆ ಹೇಳಿದ. “ಯಾ. ಯಾ. ನೀನು ಬರಬೇಕು. ಯಾ.”

“ಯಾರ ಮುಂದೆ ನಿಂತಿದ್ದೀಯ?”

“ಯಾರೂ ಇಲ್ಲ. ಅಂದರೆ, ಫಾಬಿಯಾನ್ ಇದ್ದಾನೆ. ಎಲ್ಲರೂ ಇದ್ದಾರೆ.”

“ಹಾಗೆ ಹೇಳು,” ಎಂದಳು ಗುನ್ನೆಲ್. ಧ್ವನಿ ಒಣಗಿತ್ತು. “ಊರೆಲ್ಲ ಸೇರಿ ಹೇಳಿಸ್ತಿದಾರೆ. ಅವತ್ತು ನಾವಿಬ್ಬರೇ ಇದ್ದಾಗ ನಿನ್ನ ಬಾಯಿಂದ ಒಂದು ಉಸಿರೂ ಬರಲಿಲ್ಲ.”

“ಬಂತು. ಬಂದಿದ್ದು ಉಸಿರೇ. ಆ ಯಂತ್ರ ಅದನ್ನ—”

“ಸಿಕ್ಸ್ಟನ್, ಸಾಕು. ಆ ರೇಡಿಯೋ ಧ್ವನಿ ಬಿಡು. ನಾನಿನ್ನೂ ಮುಂದಿನ ನಿಲ್ದಾಣದಲ್ಲಿ ಇಳೀಬಹುದು. ಒಂದೇ ಒಂದು ಸಲ, ನಮ್ಮ ಥರ ಹೇಳು. ನಿಜವಾಗಿ ನಾನು ಬೇಕಾ?”

ಊರು ಉಸಿರು ಬಿಗಿಹಿಡಿದು ನೋಡುತ್ತಿತ್ತು. ಬೇಡ, ಬೇಡ ಎಂದು ರಗ್ನಾರ್ ಕೈಯಾಡಿಸಿದ. ಆದರೆ ಐವತ್ತು ವರ್ಷಗಳ ನಿಜವಾದ ಹೌದು ಆ ಮನುಷ್ಯನ ಮೈಯಲ್ಲಿ ಒಂದೇ ದಾರಿಯಲ್ಲಿ ಓಡಾಡಿದ್ದು. ಅವನು ಕಣ್ಣು ಮುಚ್ಚಿ, ಇದ್ದಬದ್ದ ಪ್ರೀತಿಯನ್ನೆಲ್ಲ ಸೇರಿಸಿ, ಗಾಳಿಯನ್ನು ಒಳಗೆಳೆದುಕೊಂಡ. ಶುಪ್. ಕೇಕಿನ ಮೇಲಿನ ಸಣ್ಣ ಬಾವುಟ ಅಲ್ಲಾಡಿತು.

ಕರೆ ಭವನದ ವೈಫೈನಿಂದ ಟವರಿಗೆ ನುಣ್ಣಗೆ ದಾಟಿತು.

“ಸಿಕ್ಸ್ಟನ್?”

ಅವನು ಬಾಯಿ ತೆರೆದ. ಯಾವ ಹೌದು ಹೇಳಬೇಕೆಂದು ತಿಳಿಯಲಿಲ್ಲ. ಒಂದನ್ನು ಯಂತ್ರ ನಂಬುವುದಿಲ್ಲ, ಇನ್ನೊಂದನ್ನು ಗುನ್ನೆಲ್ ನಂಬುವುದಿಲ್ಲ.

“ಸರಿ ಹಾಗಾದ್ರೆ,” ಎಂದಳು ಅವಳು, ಮತ್ತು ಫೋನ್ ಇಟ್ಟಳು. ಆಮೇಲೆ ಅವನು ಎಷ್ಟು ಸಲ ಹಚ್ಚಿದರೂ ಎತ್ತಲಿಲ್ಲ.

ಫಾಬಿಯಾನ್ ಕೇಕಿನ ತಟ್ಟೆ ಹಿಡಿದು ಹತ್ತಿರ ಬಂದ. ಕರೆ ಭವನದಿಂದಲೇ ಹೋದದ್ದು ನೋಡಿ ಅವನಿಗೆ ಕುತೂಹಲ ಹುಟ್ಟಿತ್ತು.

“ಹೇಗಿತ್ತು?” ಎಂದ. “ಮಧ್ಯೆ ಎಲ್ಲಾದ್ರೂ ತುಂಡಾಯ್ತಾ?”

ಸಿಕ್ಸ್ಟನ್ ಅವನ ಮುಖ ನೋಡಿದ. ಕಣ್ಣು ತುಂಬಿತ್ತು. “ಶುಪ್,” ಎಂದ.

ಫಾಬಿಯಾನ್ ಒಂದು ಕ್ಷಣ ಉತ್ತರಕ್ಕೆ ಕಾದ.

“ಇಲ್ಲ ತಾನೆ?” ಎಂದ. “ನನಗೆ ಗೊತ್ತಿತ್ತು.” ಹಾಗೆಂದು ಇನ್ನೊಂದು ತುಂಡು ಕೇಕು ಹಾಕಿಸಿಕೊಳ್ಳಲು ಹೋದ.